ಪಿಸ್ತೂಲಿನ ಒಳಗಿನ ಬೀಗ: ಬ್ರೌನಿಂಗ್‌ನಿಂದ ಗ್ಲಾಕ್‌ವರೆಗೆ ನಿಜವಾಗಿ ಬದಲಾಗಿದ್ದೇನು?

ಪೀಣ್ಯ ಟೂಲ್‌ರೂಮ್

ಎಲ್ಲರಿಗೂ ನಮಸ್ಕಾರ. ಪಿಸ್ತೂಲಿನ ಮಾತು ಬಂದಾಗೆಲ್ಲ ಯಾವುದರ ಗುಂಡು ದೊಡ್ಡದು, ಯಾವುದಕ್ಕೆ ಜಾಸ್ತಿ ಶಕ್ತಿ ಅನ್ನೋದರಲ್ಲೇ ಚರ್ಚೆ ಮುಗಿದುಹೋಗುತ್ತದೆ. ನಾನು ಇಪ್ಪತ್ತೆರಡು ವರ್ಷದಿಂದ ಟೂಲ್‌ರೂಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಮಿಲ್ಲಿಂಗ್, ಆಮೇಲೆ ಗ್ರೈಂಡಿಂಗ್, ಈಗ ಮೋಲ್ಡ್. ಸೇನೆ ಮತ್ತು ಪೊಲೀಸರ ಪಿಸ್ತೂಲುಗಳ ಹಳೆಯ ಪೇಟೆಂಟ್ ಚಿತ್ರಗಳನ್ನು ರಾತ್ರಿ ಕೂತು ನೋಡೋದು ನನ್ನ ಅಭ್ಯಾಸ. ನೋಡಿದಷ್ಟೂ ನನಗೆ ಕಂಡಿದ್ದು ಒಂದೇ. ಒಳಗಿನ ಮೂಲ ಉಪಾಯ ನೂರು ವರ್ಷಕ್ಕಿಂತ ಹಳೆಯದು. ಆಮೇಲೆ ಬಂದ ಒಳ್ಳೆಯ ಡಿಸೈನರುಗಳು ಮಾಡಿದ್ದೆಲ್ಲ ಅದರಿಂದ ಒಂದೊಂದು ಕೆಲಸ ಕಳೆಯುವುದು.

ಮೊದಲು ಸಮಸ್ಯೆ ಏನು ಅಂತ ಹೇಳುತ್ತೇನೆ. ತೋಟೆ ಸಿಡಿದಾಗ ಗುಂಡು ಮುಂದೆ ಹೋಗುತ್ತದೆ, ಅಷ್ಟೇ ಒತ್ತಡ ಖಾಲಿ ತೋಟೆಯನ್ನು ಹಿಂದಕ್ಕೆ ತಳ್ಳುತ್ತದೆ. ಆ ಹಿಂದಿನ ತಳ್ಳಾಟದಿಂದಲೇ ಮೇಲೆ ಜಾರುವ ಉಕ್ಕಿನ ಭಾಗ, ಅಂದರೆ ಸ್ಲೈಡ್, ಹಿಂದೆ ಸರಿಯಬೇಕು, ಖಾಲಿ ತೋಟೆ ಹೊರಗೆ ಬೀಳಬೇಕು, ಹಿಡಿಯೊಳಗಿನ ತೋಟೆ ಪೆಟ್ಟಿಗೆಯಿಂದ, ಅಂದರೆ ಮ್ಯಾಗಜೀನಿನಿಂದ, ಹೊಸದು ಒಳಗೆ ಬರಬೇಕು. ಆದರೆ ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಹಿಂಬದಿ ತೆರೆದರೆ ಒತ್ತಡವೆಲ್ಲ ಹಿಂದಕ್ಕೆ ನುಗ್ಗುತ್ತದೆ. ಸಣ್ಣ ತೋಟೆಗೆ ಭಾರವಾದ ಸ್ಲೈಡ್, ಗಟ್ಟಿ ಸ್ಪ್ರಿಂಗ್ ಇದ್ದರೆ ಸಾಕು. ಸೋವಿಯತ್ ಸೇನೆ 1951 ರಲ್ಲಿ ತೆಗೆದುಕೊಂಡ ಮಕರೋವ್ ಇದೇ ರೀತಿಯದು, ಬೀಗವೇ ಇಲ್ಲ. ದೊಡ್ಡ ತೋಟೆಗೆ ಅದು ಸಾಲದು. ಅಲ್ಲಿ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಬೀಗ ಹಾಕಿಕೊಂಡು ಕೆಲವು ಮಿಲಿಮೀಟರ್ ಒಟ್ಟಿಗೆ ಹಿಂದೆ ಬರಬೇಕು, ಅಷ್ಟರಲ್ಲಿ ಗುಂಡು ಹೊರಗೆ ಹೋಗಿ ಒತ್ತಡ ಇಳಿದಿರಬೇಕು, ಆಮೇಲಷ್ಟೇ ಬೀಗ ಬಿಡಬೇಕು. ಇಡೀ ಕಥೆ ಈ ಕೆಲವು ಮಿಲಿಮೀಟರಿನದು.

1893 ರ ಬೋರ್ಶಾರ್ಟ್ ಮತ್ತು ಅದರಿಂದ ಹುಟ್ಟಿದ ಲುಗರ್ ಇದಕ್ಕೆ ಮೊಣಕಾಲಿನ ಹಾಗೆ ಮಡಚುವ ಕೀಲು ಬಳಸಿದವು. ಸ್ವಿಸ್ ಸೇನೆ 1900 ರಲ್ಲಿ, ಜರ್ಮನ್ ಸೇನೆ 1908 ರಲ್ಲಿ ಲುಗರ್ ತೆಗೆದುಕೊಂಡವು. ನೋಡಲು ಬಹಳ ಚಂದ. ಆದರೆ ಅದರ ಒಂದೊಂದು ಭಾಗದಲ್ಲೂ ಎಷ್ಟು ಕಟಿಂಗ್ ಇದೆ ಅಂದರೆ, ಮಿಲ್ಲಿಂಗ್ ಮಷೀನ್ ಮುಂದೆ ನಿಂತವನಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಅಮೆರಿಕದ ಜಾನ್ ಬ್ರೌನಿಂಗ್ ಬೇರೆ ದಾರಿ ಹಿಡಿದರು. ನಳಿಗೆಯ ಮೇಲ್ಭಾಗದಲ್ಲಿ ಅಡ್ಡ ಏಣುಗಳು, ಸ್ಲೈಡಿನ ಒಳಮೈಯಲ್ಲಿ ಅದಕ್ಕೆ ಸರಿಯಾದ ತೋಡುಗಳು. ನಳಿಗೆಯ ಹಿಂಭಾಗ ಕೆಳಗೆ ಬಾಗಿದರೆ ಏಣು ತೋಡಿನಿಂದ ಬಿಡುತ್ತದೆ, ಅಷ್ಟೇ. ಕೆಳಗೆ ಎಳೆಯಲು ಒಂದು ಪುಟ್ಟ ಕೊಂಡಿ. 1911 ರ ಮಾರ್ಚಿನಲ್ಲಿ ಅಮೆರಿಕದ ಸೇನೆ ಅದರಿಂದ 6000 ಸುತ್ತು ಹಾರಿಸಿ ನೋಡಿತು. ಕಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸುತ್ತಿದ್ದರು. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಅದೇ ಎಂ1911. ಮುಂದೆ 1985 ರವರೆಗೆ ಆ ಸೇನೆಯ ಮುಖ್ಯ ಪಿಸ್ತೂಲು ಅದೇ ಆಗಿತ್ತು.

ನನ್ನ ಪ್ರಶ್ನೆ ಇದು. ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ತೆರೆದು ನೋಡಿದರೂ ನಳಿಗೆ ಕೆಳಕ್ಕೆ ಬಾಗುವ ಅದೇ ಉಪಾಯ ಇದೆ. ಹಾಗಾದರೆ ಈ ಮಧ್ಯೆ ಬದಲಾಗಿದ್ದೇನು? ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಹೇಳಿದರೆ ಚೆನ್ನಾಗಿರುತ್ತದೆ.

ಮಾಜಿ ಫೌಜಿ, ಹಾಸನ

ಟೂಲ್‌ರೂಮ್ ಸರ್, ನಾನು ಬಹಳ ವರ್ಷ ಸೊಂಟಕ್ಕೆ ಕಟ್ಟಿದ್ದು ನಮ್ಮದೇ 9 ಎಂಎಂ 1ಎ ಪಿಸ್ತೂಲು. ಬಂಗಾಳದ ಇಛಾಪುರ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾಗಿದ್ದು. ಅದು ಬ್ರೌನಿಂಗ್ ಹೈಪವರ್‌ನ ನಕಲು. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಟೊರೊಂಟೊದಲ್ಲಿ ಇಂಗ್ಲಿಸ್ ಕಂಪನಿ ಮಾಡಿದ ಮಾದರಿಯನ್ನೇ ನಮ್ಮವರು ಅನುಸರಿಸಿದ್ದು.

ಅದನ್ನು ಬಿಚ್ಚೋದು ಹೇಳುತ್ತೇನೆ, ನೀವು ಕೇಳಿದ ಬದಲಾವಣೆ ಅಲ್ಲೇ ಇದೆ. ಮೊದಲು ಮ್ಯಾಗಜೀನ್ ತೆಗೆದು ಚೇಂಬರ್, ಅಂದರೆ ನಳಿಗೆಯ ಹಿಂದುಗಡೆ ತೋಟೆ ಕೂರುವ ಜಾಗ, ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಸ್ಲೈಡ್ ಹಿಂದಕ್ಕೆ ಎಳೆದು ಸೇಫ್ಟಿಯನ್ನು, ಅಂದರೆ ತಪ್ಪಿ ಹಾರದಂತೆ ತಡೆಯುವ ಸನ್ನೆಯನ್ನು, ಮುಂದಿನ ಕಚ್ಚಿಗೆ ಸಿಕ್ಕಿಸಬೇಕು. ಬಲಗಡೆಯಿಂದ ಹೆಬ್ಬೆರಳಲ್ಲಿ ಒತ್ತಿದರೆ ಸ್ಲೈಡ್ ಸ್ಟಾಪ್ ಎಡಗಡೆಗೆ ಹೊರಬರುತ್ತದೆ. ಆಮೇಲೆ ಸ್ಲೈಡ್ ಮುಂದಕ್ಕೆ ಜಾರಿ ಪೂರ್ತಿ ಕೈಗೆ ಬರುತ್ತದೆ. ಸ್ಪ್ರಿಂಗ್ ತೆಗೆದು ನಳಿಗೆ ಎತ್ತಿದರೆ ಅದರ ಹೊಟ್ಟೆಯ ಕೆಳಗೆ ಒಂದು ಗಡ್ಡೆಯಂಥ ಲೋಹ ಇರುತ್ತದೆ. ಅದರಲ್ಲಿ ಓರೆಯಾಗಿ ಕೊರೆದ ಒಂದು ದಾರಿ. ನೀವು ಹೇಳಿದ ಕೊಂಡಿ ಇಲ್ಲಿ ಇಲ್ಲವೇ ಇಲ್ಲ. ಪಿಸ್ತೂಲಿನ ಕೆಳಭಾಗದ ಚೌಕಟ್ಟಾದ ಫ್ರೇಮಿನಲ್ಲಿರುವ ಅಡ್ಡಪಟ್ಟಿ ಆ ಓರೆ ದಾರಿಯಲ್ಲಿ ಓಡಿ ನಳಿಗೆಯನ್ನು ಕೆಳಗೆ ಎಳೆಯುತ್ತದೆ. ಕೊಂಡಿ ಮುರಿಯುವ ಚಿಂತೆ ಹೋಯಿತು. ಅದರ ಸಣ್ಣ ಪಿನ್ ಕಳೆಯುವ ಚಿಂತೆಯೂ ಹೋಯಿತು.

ತೊಂದರೆಯನ್ನೂ ಹೇಳಬೇಕು. ಸೇಫ್ಟಿ ಬಹಳ ಪುಟ್ಟದು, ಚಳಿಯಲ್ಲಿ ಕೈಗವಸು ಹಾಕಿದರೆ ಹೆಬ್ಬೆರಳಿಗೆ ಸಿಗುವುದೇ ಇಲ್ಲ. ಕೈ ತುಂಬಿಕೊಂಡಿರುವವರಿಗೆ ಹಿಂದೆ ಬರುವ, ಸುತ್ತಿಗೆಯಂತೆ ಹೊಡೆಯುವ ಹ್ಯಾಮರ್ ಹೆಬ್ಬೆರಳಿನ ಸಂದಿಯ ಚರ್ಮ ಕಚ್ಚುತ್ತದೆ. ಒಮ್ಮೆ ಫೈರಿಂಗ್ ಮುಗಿಸಿ ನೋಡಿದಾಗ ನನ್ನ ಅಂಗೈ ಮೇಲೆ ರಕ್ತದ ಗೆರೆ ಇತ್ತು. ಹಳೆಯ ಮ್ಯಾಗಜೀನುಗಳ ಸ್ಪ್ರಿಂಗ್ ಸೋತಿರುತ್ತಿತ್ತು, 13 ಹಿಡಿಯುವ ಕಡೆ ನಾವು 10 ತುಂಬುತ್ತಿದ್ದೆವು.

ಬೆಲ್ಜಿಯಂ ಕನ್ನಡಿಗ

ಫೌಜಿ ಸರ್ ಹೇಳಿದ ಆ ಓರೆ ದಾರಿಯ ಊರು ನಮ್ಮ ಪಕ್ಕದಲ್ಲೇ ಇದೆ. ಲಿಯೇಜ್ ನಗರಕ್ಕೆ ಅಂಟಿಕೊಂಡಿರುವ ಹರ್ಸ್ಟಾಲ್‌ನಲ್ಲಿ ಎಫ್‌ಎನ್ ಕಾರ್ಖಾನೆ. ಬ್ರೌನಿಂಗ್ 1926 ರ ನವೆಂಬರ್ 26 ರಂದು ಇಲ್ಲೇ, ಕೆಲಸದ ಜಾಗದಲ್ಲೇ ಹೃದಯ ನಿಂತು ತೀರಿಕೊಂಡರು. ಹೈಪವರ್ ಅವರು ಶುರು ಮಾಡಿದ ಕೆಲಸ, ಮುಗಿಸಿದ್ದು ದ್ಯೂದೊನೆ ಸೈವ್ ಎಂಬ ಬೆಲ್ಜಿಯಂ ಡಿಸೈನರ್. ಪಿಸ್ತೂಲು ಮಾರುಕಟ್ಟೆಗೆ ಬಂದಿದ್ದು 1935 ರಲ್ಲಿ.

ಸೈವ್ ಅವರ ಹೆಸರನ್ನು ಜನ ಮರೆತೇಬಿಡುತ್ತಾರೆ, ಅದು ನನಗೆ ಬೇಸರ. ಯಾಕೆಂದರೆ 13 ತೋಟೆ ಹಿಡಿಯುವ ಆ ಮ್ಯಾಗಜೀನ್ ಅವರ ಕೆಲಸ. ತೋಟೆಗಳನ್ನು ಒಂದರ ಮೇಲೊಂದು ನೇರ ಜೋಡಿಸದೆ ಎಡಕ್ಕೊಂದು ಬಲಕ್ಕೊಂದು ಸರಿಸಿ ಜೋಡಿಸಿ, ಮೇಲೆ ಬರುವಾಗ ಮತ್ತೆ ಒಂದೇ ಸಾಲು ಮಾಡುವುದು. ಆಗ ಎಂ1911 ರಲ್ಲಿ ಇದ್ದಿದ್ದು 7. ಅಷ್ಟು ತುಂಬಿಸಿಯೂ ಹಿಡಿ ಕೈಗೆ ದಪ್ಪ ಅನ್ನಿಸುವುದಿಲ್ಲ. ಇವತ್ತಿನ ಹೆಚ್ಚಿನ ಸರ್ವಿಸ್ ಪಿಸ್ತೂಲುಗಳ ಮ್ಯಾಗಜೀನ್ ಇದೇ ದಾರಿಯಲ್ಲಿದೆ.

ಯುದ್ಧದಲ್ಲಿ ಜರ್ಮನರು ಹರ್ಸ್ಟಾಲ್ ಹಿಡಿದರು. ಕಾರ್ಖಾನೆಯಲ್ಲಿ ತಮಗಾಗಿ ಹೈಪವರ್ ಮಾಡಿಸಿಕೊಂಡರು. ಅದೇ ಹೊತ್ತಿಗೆ ಕೆನಡಾದಲ್ಲಿ ಚೀನಾಕ್ಕೆ ಮತ್ತು ಮಿತ್ರಪಕ್ಷದವರಿಗೆ ಅದೇ ಪಿಸ್ತೂಲು ತಯಾರಾಗುತ್ತಿತ್ತು. ಎರಡೂ ಕಡೆಯ ಸೈನಿಕರ ಸೊಂಟದಲ್ಲಿ ಒಂದೇ ಡಿಸೈನ್.

ಡಿಪ್ಲೊಮಾ ಮೆಕ್ಯಾನಿಕಲ್

ಸರ್, ನನಗೆ ಕಾಲೇಜಿನಲ್ಲಿ ಮೆಕ್ಯಾನಿಸಂ ಬಗ್ಗೆ ಸೆಮಿನಾರ್ ಇದೆ, ಅದಕ್ಕೇ ಓದುತ್ತಿದ್ದೇನೆ. ಡಬಲ್ ಆಕ್ಷನ್ ಅಂದರೆ ಏನು ಅಂತ ಸರಿಯಾಗಿ ಅರ್ಥವಾಗಲಿಲ್ಲ. ವಾಲ್ಥರ್ ಹೆಸರು ಎಲ್ಲ ಕಡೆ ಬರುತ್ತದೆ, ಯಾಕೆ?

ಪೀಣ್ಯ ಟೂಲ್‌ರೂಮ್

ಒಳ್ಳೆ ಪ್ರಶ್ನೆ ಕೇಳಿದೆ ತಮ್ಮಾ. ನಮ್ಮ ಕಡೆ ಕೋವಿಯ ಟ್ರಿಗರ್‌ಗೆ ಕುದುರೆ ಅನ್ನುತ್ತಾರಲ್ಲ, ಹಾಗೇ ಹೇಳುತ್ತೇನೆ. ಎಂ1911, ಹೈಪವರ್ ಎರಡರಲ್ಲೂ ಕುದುರೆ ಎಳೆದರೆ ಆಗುವುದು ಒಂದೇ ಕೆಲಸ, ಮೊದಲೇ ಹಿಂದಕ್ಕೆ ಎತ್ತಿಟ್ಟ ಹ್ಯಾಮರ್ ಬಿಡುವುದು. ಹಾಗಾಗಿ ತುರ್ತಿಗೆ ಸಿದ್ಧ ಇರಬೇಕಾದರೆ ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ ಸೊಂಟದಲ್ಲಿ ಇಟ್ಟುಕೊಳ್ಳಬೇಕು. ಅದನ್ನು ನೋಡಿದರೇ ಹಲವು ಅಧಿಕಾರಿಗಳಿಗೆ ಭಯ.

ಜರ್ಮನಿಯ ವಾಲ್ಥರ್ 1929 ರ ಪಿಪಿಯಲ್ಲಿ ಕುದುರೆಗೆ ಎರಡು ಕೆಲಸ ಕೊಟ್ಟಿತು. ಹ್ಯಾಮರ್ ಎತ್ತುವುದೂ ಅದೇ, ಬಿಡುವುದೂ ಅದೇ. ಡಬಲ್ ಆಕ್ಷನ್ ಅಂದರೆ ಇದೇ. ಮೊದಲ ಸುತ್ತಿಗೆ ಎಳೆತ ಉದ್ದ, ಭಾರ. ಸುಮ್ನೆ ಬೆರಳು ತಾಗಿದರೆ ಹಾರುವುದಿಲ್ಲ. ಆಮೇಲಿನ ಸುತ್ತುಗಳಿಗೆ ಸ್ಲೈಡೇ ಹ್ಯಾಮರ್ ಎತ್ತಿರುತ್ತದೆ, ಆಗ ಎಳೆತ ಹಗುರ. 1938 ರ ಪಿ38 ಇದನ್ನೇ ಸೇನೆಯ ದೊಡ್ಡ 9 ಎಂಎಂ ತೋಟೆಗೆ ತಂದಿತು. ಅದರಲ್ಲಿ ನಳಿಗೆ ಬಾಗುವುದಿಲ್ಲ, ನೇರ ಹಿಂದೆ ಬರುತ್ತದೆ, ಕೆಳಗಿರುವ ಒಂದು ತುಂಡು ಕುಸಿದು ಬೀಗ ಬಿಡುತ್ತದೆ. ಇಟಲಿಯ ಬೆರೆಟ್ಟಾ 92 ಆ ಕುಸಿಯುವ ತುಂಡನ್ನು ಹಾಗೇ ತೆಗೆದುಕೊಂಡಿತು. ಅಮೆರಿಕ 1985 ರಲ್ಲಿ ಎಂ1911 ಬದಲು ತಂದ ಎಂ9 ಅಂದರೆ ಇದೇ ಬೆರೆಟ್ಟಾ.

ಕಷ್ಟ ಏನೆಂದರೆ ಮೊದಲ ಸುತ್ತು ಒಂದು ತರ, ಎರಡನೆಯದು ಇನ್ನೊಂದು ತರ. ಪೊಲೀಸನಿಗೆ ಎರಡು ಬೇರೆ ಬೇರೆ ಎಳೆತ ಕಲಿಸಬೇಕು. ತರಬೇತಿಗೆ ತೋಟೆ ಕಡಿಮೆ ಸಿಗುವ ಇಲಾಖೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಮಾಜಿ ಫೌಜಿ, ಹಾಸನ

ನೂರಕ್ಕೆ ನೂರು ನಿಜ. ಮೊದಲ ಗುಂಡು ಕೆಳಗೆ, ಎರಡನೆಯದು ಮೇಲೆ. ಎಷ್ಟು ಜನರ ಟಾರ್ಗೆಟ್ ಹೀಗೆ ನೋಡಿದ್ದೇನೆ.

ಮೋಲ್ಡಿಂಗ್ ಶಿಫ್ಟ್

ಪ್ಲಾಸ್ಟಿಕ್ ಮಾತು ಇನ್ನೂ ಯಾರೂ ತೆಗೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ನನಗೆ ಹದಿನೈದು ವರ್ಷ.

ಪ್ಲಾಸ್ಟಿಕ್ ಫ್ರೇಮಿನ ಮೊದಲ ಪಿಸ್ತೂಲು ಗ್ಲಾಕ್ ಅಲ್ಲ, 1970 ರ ಹೆಕ್ಲರ್ ಆ್ಯಂಡ್ ಕೋಖ್ ವಿಪಿ70. ಆದರೆ ಅದರ ಕುದುರೆ ಎಳೆತ ತುಂಬಾ ಭಾರ ಅಂತ ಹೆಸರು ಕೆಟ್ಟಿತು, ಹೆಚ್ಚು ಓಡಲಿಲ್ಲ. ಗಾಸ್ಟನ್ ಗ್ಲಾಕ್ ಅವರ ಕಂಪನಿ ವಿಯೆನ್ನಾ ಹತ್ತಿರದ ಡಾಯ್ಚ್-ವಾಗ್ರಾಮ್‌ನಲ್ಲಿ ಪ್ಲಾಸ್ಟಿಕ್ ಸಾಮಾನು, ಕರ್ಟನ್ ರಾಡ್, ಸೇನೆಗೆ ಚಾಕು ಮಾಡುತ್ತಿತ್ತು. ಆಸ್ಟ್ರಿಯಾ ಸೇನೆ 1980 ರಲ್ಲಿ ಹಳೆಯ ಪಿ38 ಬದಲಿಸಲು ಹೊರಟಾಗ ಅವರು ಒಂದೇ ಒಂದು ಪಿಸ್ತೂಲೂ ಮಾಡಿದವರಲ್ಲ. ಸೇನೆಯ ಷರತ್ತುಗಳನ್ನು ಓದಿ, ನಮ್ಮ ಕೆಲಸದವರಿಗೆ ಆಸೆ ಹುಟ್ಟುತ್ತದೆ. ಒಟ್ಟು ಭಾಗ 58 ದಾಟಬಾರದು. ಎರಡು ಮೀಟರ್ ಎತ್ತರದಿಂದ ಉಕ್ಕಿನ ಹಲಗೆ ಮೇಲೆ ಬಿದ್ದರೂ ಹಾರಬಾರದು. ಬಿಚ್ಚಲು ಉಪಕರಣ ಬೇಕಾಗಬಾರದು. ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೆ ಹಾಗೇ ಕೂರಬೇಕು. ಮೊದಲ 10,000 ಸುತ್ತಿನಲ್ಲಿ 20 ಕ್ಕಿಂತ ಜಾಸ್ತಿ ಸಲ ಕೈ ಕೊಡಬಾರದು. ಗ್ಲಾಕ್ 17 ರಲ್ಲಿ ಇದ್ದಿದ್ದು ಸುಮಾರು 34 ಭಾಗ. 1982 ರಲ್ಲಿ ಆಸ್ಟ್ರಿಯಾ ಅದನ್ನು ಪಿ80 ಅಂತ ತೆಗೆದುಕೊಂಡಿತು.

ಈಗ ಹತ್ತಿರದಿಂದ ನೋಡಿ. ಸ್ಲೈಡ್ ಓಡುವ ಹಳಿ ಪ್ಲಾಸ್ಟಿಕ್ ಅಲ್ಲ. ನಾಲ್ಕು ಕಡೆ ಉಗುರಿನಷ್ಟು ಉಕ್ಕಿನ ತುಂಡು ಮಾತ್ರ ಹೊರಗೆ ಕಾಣುತ್ತದೆ. ಉಕ್ಕಿನ ತುಂಡುಗಳನ್ನು ಮೊದಲೇ ಡೈನಲ್ಲಿ ಕೂರಿಸಿ ಅದರ ಸುತ್ತ ನೈಲಾನ್ ಜಾತಿಯ ಪ್ಲಾಸ್ಟಿಕ್ ತುಂಬುತ್ತಾರೆ. ನಮ್ಮಲ್ಲಿ ಹಿತ್ತಾಳೆ ನಟ್ ಇಟ್ಟು ಮಿಕ್ಸಿ ಬಾಡಿ ಮೋಲ್ಡ್ ಮಾಡುವುದೂ ಇದೇ ಪದ್ಧತಿ. ಉದ್ದಕ್ಕೆ ಪೂರ್ತಿ ಹಳಿ ಹಾಕಿದ್ದರೆ ತಣ್ಣಗಾಗುವಾಗ ಪ್ಲಾಸ್ಟಿಕ್ ಒಂದಷ್ಟು ಕುಗ್ಗಿ, ಉಕ್ಕು ಕುಗ್ಗದೆ, ಫ್ರೇಮ್ ಸೊಟ್ಟಗಾಗುವ ಅಪಾಯ ಇರುತ್ತಿತ್ತು. ನಾಲ್ಕು ಚಿಕ್ಕ ತುಂಡು ಇಟ್ಟರೆ ಆ ಎಳೆದಾಟ ಕಡಿಮೆ. ನನಗೆ ಹಾಗನ್ನಿಸುತ್ತದೆ.

ತೂಕ ನೋಡಿ, ಖಾಲಿ ಎಂ1911 ಸುಮಾರು 1.1 ಕೆಜಿ. ಮ್ಯಾಗಜೀನ್ ಇಲ್ಲದ ಗ್ಲಾಕ್ 17 ಸುಮಾರು 625 ಗ್ರಾಂ. ದಿನಕ್ಕೆ ಹತ್ತು ಗಂಟೆ ಸೊಂಟಕ್ಕೆ ಕಟ್ಟುವವರಿಗೆ ಈ ಅರ್ಧ ಕೆಜಿ ಏನು ಅಂತ ಗೊತ್ತು. ಪ್ಲಾಸ್ಟಿಕ್ ಗನ್ ಏರ್‌ಪೋರ್ಟ್ ಯಂತ್ರಕ್ಕೆ ಕಾಣುವುದಿಲ್ಲ ಅಂತ ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದಿತ್ತು, ಅದು ಸುಳ್ಳು. ತೂಕದ ಮುಕ್ಕಾಲಿಗಿಂತ ಹೆಚ್ಚು ಪಾಲು ಉಕ್ಕೇ. ನಳಿಗೆ, ಸ್ಲೈಡ್ ಎಲ್ಲ ಕಾಣುತ್ತದೆ.

ಪೀಣ್ಯ ಟೂಲ್‌ರೂಮ್

ಇದನ್ನೇ ನಾನು ಕಾಯುತ್ತಿದ್ದೆ. ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗಿದೆ, ಸೇರಿಸುತ್ತೇನೆ. ಸ್ವಿಸ್ ಸೇನೆ 1975 ರಲ್ಲಿ ತೆಗೆದುಕೊಂಡ ಸಿಗ್ ಪಿ220. ಬ್ರೌನಿಂಗ್ ಏಣು-ತೋಡು ಮಾಡಲು ಸ್ಲೈಡಿನ ಒಳಗೆ, ಕತ್ತಲ ಕೊಳವೆಯಲ್ಲಿ, ಅಡ್ಡಡ್ಡ ತೋಡು ಕೊರೆಯಬೇಕು. ಕಟರ್ ಒಳಗೆ ಹೋಗಿ ಮೇಲಕ್ಕೆ ಕಡಿಯಬೇಕು, ಅಳೆಯುವುದೂ ಕಷ್ಟ. ಪಿ220 ರಲ್ಲಿ ಆ ತೋಡುಗಳೇ ಇಲ್ಲ. ನಳಿಗೆಯ ಹಿಂಭಾಗವನ್ನು ಚೌಕ ಮಾಡಿದರು. ಖಾಲಿ ತೋಟೆ ಹೊರಗೆ ಬೀಳಲು ಸ್ಲೈಡಿನಲ್ಲಿ ಹೇಗೂ ಒಂದು ಕಿಟಕಿ ಇರಬೇಕಲ್ಲ, ಆ ಚೌಕ ಅದೇ ಕಿಟಕಿಗೆ ಬಂದು ಕೂರುತ್ತದೆ. ಕಿಟಕಿಯೇ ಬೀಗ. ನಾನು ಆ ಚಿತ್ರ ಮೊದಲು ನೋಡಿದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಇರುವ ತೂತಿನಿಂದಲೇ ಕೆಲಸ ತೆಗೆಯುವುದು ಅಂದರೆ ಇದು. ಗ್ಲಾಕ್ ಮಾಡಿದ್ದೂ ಇದೇ.

ಹಾಗಾಗಿ ನನ್ನ ಲೆಕ್ಕದಲ್ಲಿ ಸಾಲು ಹೀಗೆ. ಬ್ರೌನಿಂಗ್ ಬಾಗುವ ನಳಿಗೆ ಕೊಟ್ಟರು. ಹೈಪವರ್ ಕೊಂಡಿ ತೆಗೆಯಿತು, ಸಿಗ್ ಒಳತೋಡು ತೆಗೆಯಿತು, ಗ್ಲಾಕ್ ಫ್ರೇಮಿನ ಮಿಲ್ಲಿಂಗನ್ನೇ ತೆಗೆದುಬಿಟ್ಟರು.

ಮಡಿಕೇರಿ ಮಳೆ

ಇಷ್ಟೆಲ್ಲ ಕಳೆದಿರಿ, ಸರಿ. ಆದರೆ ಗ್ಲಾಕ್‌ನಲ್ಲಿ ಕೈಯಿಂದ ಹಾಕುವ ಸೇಫ್ಟಿಯನ್ನೂ ಕಳೆದರಲ್ಲ, ಅದು ಸರೀನಾ? ನಾನು ಕೊಡಗಿನವಳು, ನಮ್ಮ ಮನೆಯಲ್ಲಿ ಕೋವಿ ಇದೆ, ಕೈಲ್‌ಪೊಳ್ದ್‌ಗೆ ಪ್ರತಿ ವರ್ಷ ಪೂಜೆ ಮಾಡುತ್ತೇವೆ. ಅಜ್ಜ ಕಲಿಸಿದ ಮೊದಲ ಪಾಠ ಗುರಿ ಇಡೋದಲ್ಲ. ಜೋಡಿನಳಿಗೆ ಕೋವಿಯನ್ನು ಯಾರ ಕೈಗೆ ಕೊಟ್ಟರೂ ಮಡಚಿ ತೆರೆದೇ ಕೊಡಬೇಕು. ಎರಡೂ ನಳಿಗೆಯಲ್ಲಿ ಆಚೆ ಬೆಳಕು ಕಾಣಬೇಕು. ಕೊಡುವವರೂ ನೋಡಬೇಕು, ತೆಗೆದುಕೊಳ್ಳುವವರೂ ನೋಡಬೇಕು. ಪಿಸ್ತೂಲು ಹಾಗಲ್ಲ, ಮುಚ್ಚಿದರೆ ಒಳಗೆ ಏನಿದೆ ಅಂತ ಹೊರಗೆ ಏನೂ ಗೊತ್ತಾಗುವುದಿಲ್ಲ. ನನಗೆ ಅದೇ ಹೆದರಿಕೆ.

ಮಾಜಿ ಫೌಜಿ, ಹಾಸನ

ನಿಮ್ಮ ಅಜ್ಜ ಹೇಳಿದ್ದು ಸೇನೆಯಲ್ಲೂ ಅದೇ, ತಾಯಿ. ತೆಗೆದುಕೊಂಡ ಕೂಡಲೇ ಚೇಂಬರ್ ನೋಡದ ಜವಾನನಿಗೆ ಶಿಕ್ಷೆ ಇತ್ತು.

ಹೊರಗೆ ಗೊತ್ತಾಗುವ ಹಾಗೆ ಮಾಡಲು ಡಿಸೈನರುಗಳೂ ಪ್ರಯತ್ನ ಮಾಡಿದ್ದಾರೆ. ಪಿ38 ರಲ್ಲಿ ಚೇಂಬರಿನಲ್ಲಿ ತೋಟೆ ಇದ್ದರೆ ಹ್ಯಾಮರ್ ಮೇಲುಗಡೆ ಒಂದು ಸಣ್ಣ ಪಿನ್ ಹೊರಗೆ ಬರುತ್ತದೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ನಂತರದ ಗ್ಲಾಕ್‌ಗಳಲ್ಲಿ ತೋಟೆ ಎಳೆಯುವ ಕೊಕ್ಕೆಯೇ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಆದರೂ ಇದನ್ನು ನಂಬಿ ಚೇಂಬರ್ ನೋಡದೆ ಬಿಡಬಾರದು.

ಮೋಲ್ಡಿಂಗ್ ಶಿಫ್ಟ್

ಮೇಡಂ, ಗ್ಲಾಕ್‌ನಲ್ಲಿ ಸೇಫ್ಟಿ ಇಲ್ಲ ಅನ್ನುವುದಕ್ಕಿಂತ ಅದು ಒಳಗೆ ಹೋಗಿದೆ ಅನ್ನಬೇಕು. ಕುದುರೆಯ ಮಧ್ಯೆ ಒಂದು ಸಣ್ಣ ನಾಲಿಗೆ ಇದೆ, ಬೆರಳು ಅದನ್ನು ಒತ್ತದೆ ಕುದುರೆ ಹಿಂದೆ ಹೋಗುವುದಿಲ್ಲ. ತೋಟೆಗೆ ಬಡಿಯುವ ಫೈರಿಂಗ್ ಪಿನ್‌ಗೆ ಅಡ್ಡ ಒಂದು ತಡೆ ಇದೆ, ಕುದುರೆ ಎಳೆದಾಗ ಮಾತ್ರ ಅದು ಸರಿಯುತ್ತದೆ. ಬಿದ್ದರೆ ಹಾರದಂತೆ ಮೂರನೆಯದೊಂದು ಇದೆ. ಹ್ಯಾಮರ್ ಇಲ್ಲ, ಒಳಗಿನ ಪಿನ್ ಅರ್ಧ ಮಾತ್ರ ಎಳೆದಿರುತ್ತದೆ, ಉಳಿದಿದ್ದು ಬೆರಳು ಮಾಡಬೇಕು. ಮೊದಲ ಸುತ್ತೂ ಕೊನೆಯ ಸುತ್ತೂ ಒಂದೇ ಎಳೆತ. ಫೌಜಿ ಸರ್ ಹೇಳಿದ ಎರಡು ಎಳೆತದ ಸಮಸ್ಯೆ ಹೋಯಿತು.

ಮಡಿಕೇರಿ ಮಳೆ

ಬೆರಳು ಒತ್ತದೆ ಹಾರಲ್ಲ, ಒಪ್ಪುತ್ತೇನೆ. ಆದರೆ ಬೆರಳೇ ತಪ್ಪಿ ಒತ್ತಿದರೆ? ಜಾಕೆಟ್ಟಿನ ದಾರ ಸಿಕ್ಕಿಕೊಂಡರೆ? ಅದಕ್ಕೆ ಆ ನಾಲಿಗೆ ಏನು ಮಾಡುತ್ತದೆ? ಇನ್ನೊಂದು, ಗ್ಲಾಕ್ ಬಿಚ್ಚಬೇಕಾದರೆ ಮೊದಲು ಕುದುರೆ ಎಳೆಯಬೇಕು ಅಂತ ಓದಿದ್ದೇನೆ. ಚೇಂಬರ್ ನೋಡದೆ ಎಳೆದವರ ಗತಿ ಏನು?

ಪೀಣ್ಯ ಟೂಲ್‌ರೂಮ್

ಅಮ್ಮ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ನಿಮ್ಮ ಮಾತಿನಲ್ಲಿ ಹುರುಳಿದೆ. 2017 ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಬದಲು ಸಿಗ್ ಸಾವರ್ ಪಿ320 ಅನ್ನು ಎಂ17 ಅಂತ ಆರಿಸಿತು. ಅದಕ್ಕೆ ಎರಡೂ ಬದಿ ಕೈಯಿಂದ ಹಾಕುವ ಸೇಫ್ಟಿ ಬೇಕು ಅಂತ ಸೇನೆಯೇ ಕೇಳಿ ಹಾಕಿಸಿಕೊಂಡಿತು. ಬಿಚ್ಚಲು ಅದರಲ್ಲಿ ಕುದುರೆ ಎಳೆಯುವ ಅಗತ್ಯವೂ ಇಲ್ಲ. ಅಂದರೆ ನೀವು ಕೇಳಿದ ಎರಡೂ ಪ್ರಶ್ನೆ ಅವರಿಗೂ ಬಂದಿತ್ತು.

ಆದರೆ ಅದೇ ವರ್ಷ ಪಿ320 ರಲ್ಲಿ ಬೇರೆಯೇ ತೊಂದರೆ ಕಂಡಿತು. ಜನರಿಗೆ ಮಾರಿದ ಮಾದರಿ ಹಿಂಭಾಗ ಕೆಳಗಾಗಿ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಹಾರಬಹುದು ಅಂತ ಪರೀಕ್ಷೆಗಳಲ್ಲಿ ಗೊತ್ತಾಯಿತು. ಯೋಚಿಸಿ ನೋಡಿ. ಪಿಸ್ತೂಲು ನೆಲಕ್ಕೆ ಬಡಿದು ತಟ್ಟನೆ ನಿಲ್ಲುತ್ತದೆ, ಕುದುರೆಗೆ ಮಾತ್ರ ಅದರ ಸ್ವಂತ ತೂಕ ಇದೆಯಲ್ಲ, ಅದು ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಯಾರೋ ಬೆರಳಲ್ಲಿ ಎಳೆದ ಹಾಗೆಯೇ. ಆಗಸ್ಟ್‌ನಲ್ಲಿ ಕಂಪನಿ ಹಳೆಯ ಪಿಸ್ತೂಲುಗಳನ್ನು ತರಿಸಿಕೊಂಡು ಸರಿಮಾಡಿ ಕೊಡುವುದಾಗಿ ಹೇಳಿತು. ಮುಖ್ಯ ಬದಲಾವಣೆಗಳಲ್ಲಿ ಒಂದು, ಕುದುರೆಯ ತೂಕ ಇಳಿಸಿದ್ದು. ಗ್ಲಾಕ್ ಕುದುರೆ ಮಧ್ಯದ ನಾಲಿಗೆ ತಡೆಯುವುದು ಇದನ್ನೇ. ನೋಡಲು ಏನೂ ಅಲ್ಲದ ಒಂದು ತುಂಡು, ಬೆರಳಿಲ್ಲದೆ ಕುದುರೆ ಚಲಿಸದಂತೆ ಹಿಡಿಯುತ್ತದೆ. ನಾನು ಕಳೆಯುವುದೇ ದೊಡ್ಡ ಕೆಲಸ ಅಂತ ಶುರುವಿನಲ್ಲಿ ಬರೆದೆ. ಯಾವುದನ್ನು ಕಳೆಯಬಾರದು ಅನ್ನುವುದೂ ಅಷ್ಟೇ ದೊಡ್ಡದು, ಅದನ್ನು ಈಗ ಸೇರಿಸುತ್ತೇನೆ.

ಬೆಲ್ಜಿಯಂ ಕನ್ನಡಿಗ

ಕೈ ಸೇಫ್ಟಿ ಬೇಡ ಅಂತ ಹೊರಟ ಇನ್ನೊಂದು ಒಳ್ಳೆಯ ದಾರಿ ಇತ್ತು. ಹೆಕ್ಲರ್ ಆ್ಯಂಡ್ ಕೋಖ್ ಪಿ7. ಪಶ್ಚಿಮ ಜರ್ಮನಿಯ ಪೊಲೀಸರಿಗಾಗಿ 1970 ರ ದಶಕದಲ್ಲಿ ಮಾಡಿದ್ದು. ಹಿಡಿಯ ಮುಂಭಾಗವನ್ನು ಒತ್ತಿ ಹಿಡಿದರೆ ಮಾತ್ರ ಸಿದ್ಧ, ಕೈ ಸಡಿಲ ಬಿಟ್ಟರೆ ತಾನೇ ಸೇಫ್. ಉಪಾಯ ಅದ್ಭುತ, ಆದರೆ ಮಾಡಲು ಬಹಳ ದುಬಾರಿ, ಜಾಸ್ತಿ ಹಾರಿಸಿದರೆ ಕುದುರೆ ಮೇಲುಗಡೆ ಬೆರಳು ಸುಡುವಷ್ಟು ಕಾಯುತ್ತಿತ್ತು. ಹಿಂದೆ ಸರಿಯಿತು. ಮಡಿಕೇರಿಯವರಿಗೆ ಅದು ಇಷ್ಟವಾಗುತ್ತದೆ ಅಂತ ನನಗನ್ನಿಸುತ್ತದೆ.

ಡಿಪ್ಲೊಮಾ ಮೆಕ್ಯಾನಿಕಲ್

ಎಲ್ಲರಿಗೂ ತುಂಬಾ ಧನ್ಯವಾದ. ಕೊನೆಯ ಒಂದು ಪ್ರಶ್ನೆ. ಪಿ320 ಬಗ್ಗೆ ಮಾಡ್ಯುಲರ್ ಅನ್ನುತ್ತಾರೆ, ಅದು ಏನು? ಮತ್ತು ಸೆಮಿನಾರಿಗೆ ಒಂದೇ ಚಾರ್ಟ್ ಬಿಡಿಸಬೇಕು, ಏನು ಬಿಡಿಸಲಿ?

ಪೀಣ್ಯ ಟೂಲ್‌ರೂಮ್

ಮಾಡ್ಯುಲರ್ ಅಂದರೆ ಕುದುರೆ, ಸ್ಪ್ರಿಂಗ್, ಒಳಗಿನ ಯಂತ್ರ ಎಲ್ಲ ಅಂಗೈಯಲ್ಲಿ ಹಿಡಿಯುವಂಥ ಒಂದು ಉಕ್ಕಿನ ಗೂಡಿನಲ್ಲಿ ಇದೆ. ಸೀರಿಯಲ್ ನಂಬರ್ ಇರುವುದು ಆ ಗೂಡಿನ ಮೇಲೆ. ಕೈ ಚಿಕ್ಕದಾದವರಿಗೆ ಬೇರೆ ಪ್ಲಾಸ್ಟಿಕ್ ಹಿಡಿ ಹಾಕಿ ಅದೇ ಗೂಡು ಕೂರಿಸಬಹುದು. ಮೊದಲೆಲ್ಲ ಫ್ರೇಮ್ ಅಂದರೆ ಪಿಸ್ತೂಲು. ಈಗ ಅಮೆರಿಕದ ಕಾನೂನಿನ ಲೆಕ್ಕಕ್ಕೆ ಆ ಗೂಡೇ ಪಿಸ್ತೂಲು, ಹಿಡಿ ಬರೀ ಹೊದಿಕೆ.

ಚಾರ್ಟಿಗೆ ಮೂರು ನಳಿಗೆ ಮಾತ್ರ ಪಕ್ಕಪಕ್ಕ ಬಿಡಿಸು. ಎಂ1911, ಹೈಪವರ್, ಗ್ಲಾಕ್. ಹೊರಗಿನ ಪಿಸ್ತೂಲು ಬೇಡ. ಮೇಲೆ ಬೀಗ ಎಲ್ಲಿ ಕೂರುತ್ತದೆ, ಕೆಳಗೆ ಯಾವುದು ಎಳೆಯುತ್ತದೆ, ಇವೆರಡಕ್ಕೆ ಮಾತ್ರ ಬಣ್ಣ ಹಾಕು. ಫೌಜಿ ಸರ್, ಹೈಪವರ್ ನಳಿಗೆಯಲ್ಲಿ ಸವೆತ ಎಲ್ಲಿ ಬರುತ್ತಿತ್ತು ಅಂತ ಹೇಳಿದರೆ ಈ ಹುಡುಗ ಅದನ್ನೂ ಗುರುತು ಮಾಡುತ್ತಾನೆ.

ಮಾಜಿ ಫೌಜಿ, ಹಾಸನ

ಹೇಳುತ್ತೇನೆ ಮಗಾ, ಬರೆದುಕೋ. ಎರಡು ಕಡೆ. ಒಂದು, ಮೇಲಿನ ಏಣುಗಳ ಅಂಚು, ಅಲ್ಲಿ ಕಪ್ಪು ಬಣ್ಣ ಮೊದಲು ಹೋಗುತ್ತದೆ. ಇನ್ನೊಂದು, ಕೆಳಗಿನ ಗಡ್ಡೆಯ ಓರೆ ದಾರಿ, ಅಡ್ಡಪಟ್ಟಿ ತಾಗಿ ತಾಗಿ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಪಿಸ್ತೂಲು ವಾಪಸ್ ಕೊಡುವ ಮುಂಚೆ ಆ ಹೊಳೆಯುವ ಜಾಗ ನೋಡಿ ಅಲ್ಲಿಗೆ ಒಂದೇ ತೊಟ್ಟು ಎಣ್ಣೆ ಬಿಡುತ್ತಿದ್ದೆವು. ಜಾಸ್ತಿ ಬಿಟ್ಟರೆ ಧೂಳು ಹಿಡಿಯುತ್ತದೆ.